ಹಾಳೆಯ ಹಿಂದಿನ ಎರಡು ಪ್ರಶ್ನೆ

ಆದಾಯ ತೆರಿಗೆಯಿಂದಲೇ ಹೊಟ್ಟೆ ಹೊರೆಯುತ್ತ, ಆ ತೆರಿಗೆಯನ್ನೇ ದಿನ ಬೆಳಗಾದರೆ ಬೈಯುತ್ತಿದ್ದ ಮನುಷ್ಯರನ್ನು ನಾನು ನನ್ನ ಜೀವಮಾನದಲ್ಲಿ ಕಂಡದ್ದು ಒಬ್ಬರನ್ನೇ. ಅವರು ನಮ್ಮ ಸರ್. ಕೊಪ್ಪಳದ ಬಜಾರಿನಲ್ಲಿ, ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ಕೂತು, ಮೂವತ್ತು ವರ್ಷಕ್ಕೂ ಮೇಲೆ ಊರಿನವರ ತೆರಿಗೆಯ ಕಾಗದಪತ್ರ ಬರೆದುಕೊಟ್ಟರು. ಜುಲೈ ಬಂತೆಂದರೆ ಸಾಕು, ಸಾಲಿ ಮಾಸ್ತರರು, ಬ್ಯಾಂಕಿನವರು, ಕುಷ್ಟಗಿಯ ದಾಳಿಂಬೆ ವ್ಯಾಪಾರಿಗಳು, ಗಂಗಾವತಿಯ ಅಕ್ಕಿ ವ್ಯಾಪಾರಿಗಳು ಮೆಟ್ಟಿಲ ಮೇಲೆ ಸಾಲುಗಟ್ಟಿ ನಿಲ್ಲುತ್ತಿದ್ದರು. ಒಳಗೆ ಸರ್ ಅವರದೇ ಕಾಗದಕ್ಕೆ ಸಹಿ ಹಾಕುತ್ತ, ಬೈಗುಳ ಶುರು ಮಾಡುತ್ತಿದ್ದರು.

"ಈ ತೆರಿಗಿ ತಗದು ತಿಪ್ಪಿಗೆ ಒಗೀಬೇಕ್ರಿ! ಗಳಿಸಿದಾವಗ ದಂಡ ಹಾಕೋದು ಯಾವ ಧರ್ಮ? ಖರ್ಚಿಗೆ ಹಾಕ್ರಿ. ದೇಶಕ್ಕೆಲ್ಲಾ ಒಂದ ತೆರಿಗಿ. ಕೊಂಡ್ರ ಕೊಡು, ಕೊಳ್ಳಲಿಲ್ಲಂದ್ರ ಬಿಡು. ಮುಗೀತು ಕತಿ."

"ಹಂಗಾದ್ರ ನಿಮ್ಮ ಗತಿ ಏನ್ರಿ ವಕೀಲ್ರ?" ಎಂದು ಯಾರಾದರೂ ಕೆಣಕುತ್ತಿದ್ದರು.

"ಮೊದಲ್ನೇದ್ದು, ನಾ ವಕೀಲ ಅಲ್ಲ. ಎರಡ್ನೇದ್ದು, ಬಸ್ ಸ್ಟ್ಯಾಂಡಿನ ಮುಂದ ಮಿರ್ಚಿ ಕರೀತೀನಿ. ಅದಕ್ಕೂ ತೆರಿಗಿ ಹಾಕ್ಲಿ, ಕಟ್ತೀನಿ."

ಊರಿಗೆಲ್ಲ ಅವರು 'ವಕೀಲರು'. ಅವರು ಕರಿ ಕೋಟು ತೊಟ್ಟವರಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ತೆರಿಗೆ ಕಾಗದ ಬರೆಯುವವರನ್ನೂ ನಮ್ಮ ಕಡೆ ವಕೀಲರೆಂದೇ ಕರೆಯುತ್ತಾರೆ. ಎಷ್ಟು ಮಂದಿ ಕರೆದರೂ ಅಷ್ಟೂ ಮಂದಿಯನ್ನು ಅವರು ತಿದ್ದುತ್ತಿದ್ದರು. ದಿನಕ್ಕೆ ಇಪ್ಪತ್ತು ಸಲ ತಿದ್ದಿದರೂ ಬೇಸರವಿಲ್ಲ. "ಇಲ್ಲದ ಪದವಿ ಒಮ್ಮೆ ಇಟ್ಕೊಂಡ್ರ ಮುಂದ ಇಲ್ಲದ ಲೆಕ್ಕಾನೂ ಇಟ್ಕೋಬೇಕಾಗ್ತೈತಿ ತಂಗಿ" ಎನ್ನುವುದು ಅವರ ಮಾತು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದು ಕಡಿಮೆ. ತಂಗಿ ಎಂದೇ ಕರೆಯುತ್ತಿದ್ದರು.

ನಾನು ಅವರ ಬಳಿ ಕೆಲಸಕ್ಕೆ ಹೋದದ್ದು ಬಿ.ಕಾಂ. ಮುಗಿಸಿದ ವರ್ಷ. ನಮ್ಮೂರು ಇರಕಲ್ಲಗಡ. ಅಪ್ಪ ಕೊಪ್ಪಳದ ಮಾರುಕಟ್ಟೆಯಲ್ಲಿ ಹಮಾಲಿ, ಅವ್ವ ಕಂಡವರ ಹೊಲಕ್ಕೆ ಕಸ ತೆಗೆಯಲು ಹೋಗುವವಳು. ಹೊಸ ಚಪ್ಪಲಿ ಮೆಟ್ಟಿಕೊಂಡು ಆ ಮೆಟ್ಟಿಲು ಹತ್ತಿದ್ದೆ. ಸರ್ ಪೆನ್ನಿನ ಟೊಪ್ಪಿಗೆಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಏನೋ ಬರೆಯುತ್ತಿದ್ದರು. ಬೇರೆಯವರು ಕಿವಿಗೆ ಪೆನ್ನು ಸಿಕ್ಕಿಸುತ್ತಾರೆ, ಇವರು ಬರೀ ಟೊಪ್ಪಿಗೆ.

"ಟೈಪ್ ಬರ್ತೈತಿ?" ಎಂದರು.

"ಬರ್ತೈತ್ರಿ."

"ಸುಳ್ಳು ಬರ್ತೈತಿ?"

ಇದೆಂಥ ಪ್ರಶ್ನೆಯಪ್ಪಾ ಎಂದು ನನಗೆ ಗಾಬರಿಯಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಬರ್ತೈತ್ರಿ ಸರ್, ಆದ್ರ ಸ್ಪೀಡ್ ಇಲ್ರಿ."

ನಕ್ಕರು ನೋಡಿ! ಕೆಮ್ಮು ಹತ್ತಿ, ನೀರು ಕುಡಿದು, ಕಣ್ಣೊರೆಸಿಕೊಂಡು, "ನಾಳಿಂದ ಬಾ ತಂಗಿ" ಎಂದರು. ಅಷ್ಟೇ ನನ್ನ ಇಂಟರ್‌ವ್ಯೂ.

ಸುಳ್ಳಿಗೆ ಅವರ ಬಳಿ ಒಂದು ಮದ್ದಿತ್ತು. ಅದನ್ನು ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಗಂಗಾವತಿಯಿಂದ ಒಬ್ಬ ಅಕ್ಕಿ ವ್ಯಾಪಾರಿ ಬರುತ್ತಿದ್ದರು. ದೊಡ್ಡ ಕುಳ, ವರ್ತಕರ ಸಂಘದಲ್ಲಿ ಮುಂದಾಳು. ಒಂದು ವರ್ಷ ಬಂದವರೇ, "ಈ ಸಲ ಅರ್ಧಾ ಗಳಿಕಿ ಒಕ್ಕಲುತನದ್ದು ಅಂತ ತೋರಿಸ್ರಿ" ಎಂದರು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲವಲ್ಲ, ಅದಕ್ಕೆ.

"ನಿಮ್ಮ ಹೊಲ ಎಲ್ಲೈತ್ರಿ?" ಎಂದರು ಸರ್.

"ನೋಡ್ಬೇಕ್ರಿ" ಎಂದರು ಅವರು.

ಸರ್ ಎದ್ದು ಹೋಗಿ ಫ್ಯಾನಿನ ಸ್ವಿಚ್ ಆರಿಸಿ, ಬಂದು ಕೂತು, ತಮ್ಮ ಕೆಲಸ ಮುಂದುವರಿಸಿದರು. ಮಾಳಿಗೆ ಮೇಲಿನ ಕೋಣೆ, ಮೇಲೆ ತಗಡು. ಕೊಪ್ಪಳದ ಬಿಸಿಲು ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ವ್ಯಾಪಾರಿಯ ಕುತ್ತಿಗೆಯಿಂದ ನೀರು ಇಳಿಯತೊಡಗಿತು.

"ಕರೆಂಟ್ ಹೋತೇನ್ರಿ?"

"ಕರೆಂಟ್ ಐತ್ರಿ. ಗಾಳಿ ಹೋತು."

ಐದು ನಿಮಿಷಕ್ಕೆ ಆತ "ಹೋಗ್ಲಿ ಬಿಡ್ರಿ, ಇದ್ದದ್ದ ತೋರಿಸ್ರಿ" ಎಂದರು. ಸರ್ ಎದ್ದು ಫ್ಯಾನು ಹಾಕಿದರು. ಜಗಳವಿಲ್ಲ, ಉಪದೇಶವಿಲ್ಲ. ನಾನು ಟೈಪ್ ಮಾಡುವ ಯಂತ್ರದ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದೆ. ಆ ಸಲ ನನಗೂ ಸೆಕೆಯಾಗಿತ್ತು, ಆದರೆ ಅದು ಹೆಮ್ಮೆಯ ಸೆಕೆ.

ಆದಾಯ ತೆರಿಗೆಯ ಮೇಲೆ ಅವರಿಗೆ ಸಿಟ್ಟು ಬಂದದ್ದೇ ಇಂಥವರಿಂದ. "ಮಾಸ್ತರಂದು ಪಗಾರ ಕೈಗೆ ಬರೋಕ ಮೊದ್ಲ ಹಿಡ್ಕೊಂಡಿರ್ತಾರ. ಪಾಪ, ಅಂವ ಎಲ್ಲಿ ಓಡ್ತಾನ? ಬಂಗಲೆ ಕಟ್ಟಿದಾವ ಒಕ್ಕಲುತನ ಅಂತಾನ, ತಪ್ಪಿಸ್ಕೋತಾನ. ಅದ ಖರ್ಚಿಗೆ ತೆರಿಗಿ ಹಾಕಿ ನೋಡ್ರಿ. ಬಂಗಲೆ ಕಟ್ಟಾಕ ಸಿಮೆಂಟ್ ಕೊಳ್ಳಲೇಬೇಕು, ಅಡ್ಡಾಡಾಕ ಕಾರು ಕೊಳ್ಳಲೇಬೇಕು. ಅಲ್ಲಿ ಹಿಡೀರಿ. ಫಾರಂ ಇಲ್ಲ, ನೋಟಿಸ್ ಇಲ್ಲ, ನನ್ನಂಥಾವನ ಕಾಟಾನೂ ಇಲ್ಲ." ಕೂತ ಕೊಂಬೆಯನ್ನೇ ಕಡಿಯುವ ಮಾತು. ಆದರೆ ಅವರು ಮನಸಾರೆ ಆಡುತ್ತಿದ್ದರು.

ಬರೀ ಮಾತಾಗಿದ್ದರೆ ಚಹದ ಅಂಗಡಿಯ ಹರಟೆ ಎನ್ನಬಹುದಿತ್ತು. ಅವರು ಇದಕ್ಕಾಗಿ ಇಪ್ಪತ್ತು ವರ್ಷ ಒಂದು ಪದ್ಧತಿ ನಡೆಸಿದ್ದರು. ಯಾರೇ ಕಕ್ಷಿದಾರರು ಬರಲಿ, ಅವರ ಕೆಲಸ ಮುಗಿದ ಮೇಲೆ ಸರ್ ಒಂದು ರದ್ದಿ ಹಾಳೆಯನ್ನು ತಿರುವಿ ಹಾಕಿ, ಅದರ ಖಾಲಿ ಬದಿಯಲ್ಲಿ ಎರಡು ಪ್ರಶ್ನೆಗೆ ಉತ್ತರ ಬರೆದುಕೊಳ್ಳುತ್ತಿದ್ದರು. ಈ ವರ್ಷ ಎಷ್ಟು ಗಳಿಸಿದಿರಿ? ಎಷ್ಟು ಖರ್ಚು ಮಾಡಿದಿರಿ? ಇದು ಸರ್ಕಾರಕ್ಕಲ್ಲ, ನನ್ನ ಚಟಕ್ಕೆ ಎನ್ನುತ್ತಿದ್ದರು. ಯಲಬುರ್ಗಾದ ಒಬ್ಬ ಮಾಸ್ತರರು ಮಕ್ಕಳಿಗೆ ಕೊಡಿಸಿದ ಪೆಪ್ಪರಮೆಂಟಿನ ತನಕ ಹೇಳುತ್ತಿದ್ದರು. ಕುಷ್ಟಗಿಯ ದಾಳಿಂಬೆ ವ್ಯಾಪಾರಿಯೊಬ್ಬರು ಹೆಂಡತಿಗೆ ಮಾಡಿಸಿದ ಬಂಗಾರದ ಪಾಟಲಿ ಖರ್ಚೋ ಉಳಿತಾಯವೋ ಎಂದು ಅರ್ಧ ತಾಸು ವಾದ ಮಾಡಿದ್ದರು. ಸಂಜೆ ಆ ಹಾಳೆಗಳನ್ನೆಲ್ಲ ಒಂದು ಹಸಿರು ರಟ್ಟಿನ ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸ.

ಆ ಪುಸ್ತಕದಲ್ಲಿ ಪ್ರತಿಯೊಬ್ಬರೂ ಗಳಿಸಿದ್ದಕ್ಕಿಂತ ಕಡಿಮೆ ಖರ್ಚು ಮಾಡಿದ್ದರು. ಹೆಚ್ಚು ಗಳಿಸಿದವರದು ಹೆಚ್ಚು ಉಳಿದಿತ್ತು. ಸರ್‌ಗೆ ಅದೇ ಸಂಭ್ರಮ. "ನೋಡು ತಂಗಿ, ಮಂದಿ ಉಳಿಸ್ತಾರ! ಖರ್ಚಿಗೆ ತೆರಿಗಿ ಹಾಕಿದ್ರ ಉಳಿಸಿದ್ದು ಉಳಿದಂಗ ಇರ್ತೈತಿ. ಯಾರಿಗೂ ಹೊರಿ ಆಗಂಗಿಲ್ಲ" ಎಂದು ಪುಸ್ತಕ ಸವರುತ್ತಿದ್ದರು. ಈ ಲೆಕ್ಕದ ಮೇಲೆ ದೆಹಲಿಗೆ ಕಳಿಸಲೆಂದು ಒಂದು ಮನವಿ ಬರೆಯುತ್ತಿದ್ದರು. ನಾನು ಸೇರುವ ಮೊದಲೇ ಶುರುವಾಗಿದ್ದ ಮನವಿ. ಅದನ್ನು ನಾನೇ ಹನ್ನೊಂದು ಸಲ ಟೈಪ್ ಮಾಡಿದ್ದೇನೆ. ಅವರಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಮನೆ ಕಟ್ಟಿಸಬೇಕು, ಕಾರು ಕೊಳ್ಳಬೇಕು ಎಂಬುದಿಲ್ಲ. ಈ ಮನವಿಯನ್ನು ದೆಹಲಿಯಲ್ಲಿ ಯಾರಾದರೊಬ್ಬರು ಓದಬೇಕು, ಅಷ್ಟೇ.

ನಾನು ಸೇರಿ ಮೂರು ವರ್ಷವಾದಾಗ ಆ ಕಾಲ ಬಂತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕಿನ ವರ್ತಕರು ಕೊಪ್ಪಳದಲ್ಲಿ ಒಂದು ಸಮಾವೇಶ ಇಟ್ಟುಕೊಂಡರು. ಸರ್ ಅವರ ಸಂಘದ ಸಲಹೆಗಾರರು. ನಮ್ಮಲ್ಲಿಗೆ ಬರುವ ಅರ್ಧ ಜನ ಆ ಸಂಘದ ಕಡೆಯಿಂದಲೇ ಬರುವವರು. ಗಂಗಾವತಿಯ ವ್ಯಾಪಾರಿಯೇ ಬಂದು, "ನಿಮ್ಮ ಮನವಿ ಸಭಾದಾಗ ಓದ್ರಿ. ಎಲ್ಲಾರೂ ಸಹಿ ಹಾಕ್ತೀವಿ. ದಿಲ್ಲಿಗೆ ಮುಟ್ಟಿಸೋದು ನಮಗಿರಲಿ" ಎಂದರು. ಸರ್ ಆ ವಾರ ನೆಲದ ಮೇಲೆ ನಡೆಯಲಿಲ್ಲ. ಮುನ್ನೂರು ಪ್ರತಿ ಅಚ್ಚು ಹಾಕಿಸಿದರು, ಒಂದೇ ಬದಿಗೆ, ಛಲೋ ಕಾಗದದಲ್ಲಿ. ಹೊಸ ಅಂಗಿ ಹೊಲಿಸಿದರು. ಅದರ ಗುಂಡಿ ಸರಿ ಇದೆಯೇ ಎಂದು ನನ್ನನ್ನು ಎರಡು ಸಲ ಕೇಳಿದರು.

ಸಮಾವೇಶಕ್ಕೆ ಎರಡು ದಿನ ಇರುವಾಗ ನಮ್ಮವ್ವ ಆಫೀಸಿಗೆ ಬಂದಳು. ಕಣ್ಣು ತೋರಿಸಲು ಕೊಪ್ಪಳದ ದವಾಖಾನೆಗೆ ಬಂದವಳು, ಮಗಳು ಕೂರುವ ಜಾಗ ನೋಡಬೇಕೆಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದಿದ್ದಳು. ಬಂದವಳೇ ಬಾಗಿಲ ಪಕ್ಕದ ನೆಲಕ್ಕೆ ಕೂರಲು ಹೋದಳು. ಸರ್ ಎದ್ದು ನಿಂತು, "ಯವ್ವಾ, ಇಲ್ಲಿ ಬರ್ರಿ, ಕುರ್ಚಿ ಮ್ಯಾಲೆ ಕುಂದರ್ರಿ" ಎಂದರು. ಅವ್ವ ಕಕ್ಷಿದಾರರ ಕುರ್ಚಿಯ ತುದಿಯಲ್ಲಿ, ಈಗಲೋ ಆಗಲೋ ಏಳುವವಳ ಹಾಗೆ ಕೂತಳು. ಚಹಾ ಬಂತು. ಸರ್ ಖುಷಿಯಲ್ಲಿದ್ದರು. ತಮ್ಮ ಮನವಿಯನ್ನು ಅವ್ವನಿಗೂ ವಿವರಿಸಿದರು. ಗಳಿಸಿದ್ದಕ್ಕೆ ತೆರಿಗೆ ಬೇಡ, ಕೊಂಡದ್ದಕ್ಕೆ ಮಾತ್ರ, ಎಲ್ಲರಿಗೂ ಒಂದೇ ಎಂದರು. ಅವ್ವ ಹೂಂ ಹೂಂ ಎಂದಳು. ಆಮೇಲೆ ರೂಢಿಯಂತೆ ಅವರ ಕೈ ಒಂದು ಹಾಳೆಯನ್ನು ತಿರುವಿತು.

"ಹೇಳ್ರಿ ಯವ್ವಾ. ಈ ವರ್ಷ ಎಷ್ಟು ಗಳಿಸಿದ್ರಿ?"

ಅವ್ವ ಬೆರಳು ಮಡಚಿ, ಕೂಲಿ ಸಿಕ್ಕ ತಿಂಗಳು, ಸಿಗದ ತಿಂಗಳು ಎಣಿಸಿ ಒಂದು ಮೊತ್ತ ಹೇಳಿದಳು. ಸರ್ ಬರೆದುಕೊಂಡರು.

"ಎಷ್ಟು ಖರ್ಚು ಮಾಡಿದ್ರಿ?"

ಅವ್ವ ನಕ್ಕಳು. "ಹೇಳಿದ್ನಲ್ರಿ."

"ಅದು ಗಳಿಸಿದ್ದು. ಖರ್ಚು ಕೇಳಾಕತ್ತೀನಿ."

"ಎರಡೂ ಒಂದ ಅಲ್ರೀ ಸಾಹೇಬ್ರ? ಬ್ಯಾರೆ ಬ್ಯಾರೆ ಇರ್ತಾವೇನು?"

ಸರ್ ಪೆನ್ನು ಎತ್ತಿ ಹಿಡಿದರು. "ಏನೂ ಉಳಿಯಂಗಿಲ್ಲೇನ್ರಿ?"

"ಉಳಿದ್ರ ಹಬ್ಬಕ್ಕ ಹೋಳಿಗಿ ಆಗ್ತೈತ್ರಿ. ಅದೂ ಖರ್ಚ." ಅವ್ವ ಬಸಿಯಲ್ಲಿದ್ದ ಚಹಾ ಮುಗಿಸಿ, ಸುಮ್ಮನೆ ಮಾತಿಗೆ ಮಾತು ಎಂಬಂತೆ ಕೇಳಿದಳು. "ನಿಮಗ ಎಷ್ಟು ಉಳೀತೈತ್ರಿ?"

ಇಪ್ಪತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರಿಗೇ ತಿರುಗಿಸಿ ಕೇಳಿದವರು ಯಾರೂ ಇರಲಿಲ್ಲ. ಸುಳ್ಳು ಹೇಳುವವರಲ್ಲವಲ್ಲ, "ಅರ್ಧ ಉಳೀತೈತ್ರಿ" ಎಂದರು.

"ಅಯ್ ಹಂಗಾದ್ರ, ಖರ್ಚಿಗೆ ತೆರಿಗಿ ಹಾಕಿದ್ರ ನಿಮ್ಮ ಅರ್ಧಾ ಗಳಿಕಿಗೆ ಬೀಳ್ತೈತಿ. ನಂದು ಪೂರ್ತಿಗೆ ಬೀಳ್ತೈತಿ. ಎಲ್ಲಾರಿಗೂ ಒಂದ ಅಂದ್ರಲ್ರಿ?"

ಅವ್ವ ಇದನ್ನು ಚುಚ್ಚಲು ಹೇಳಿದ್ದಲ್ಲ. ನಿಜವಾಗಿ ಅರ್ಥವಾಗದೆ ಕೇಳಿದ್ದಳು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು, ಬಸಿ ತೊಳೆದಿಡಲು ಜಾಗ ಹುಡುಕಿ, ನಾನು ಬೇಡವೆಂದ ಮೇಲೆ ಹೊರಟುಹೋದಳು.

ಸರ್ ಆ ಹಾಳೆಯಲ್ಲಿ ಎರಡನೆಯ ಉತ್ತರದ ಜಾಗಕ್ಕೂ ಮೊದಲಿನ ಮೊತ್ತವನ್ನೇ ಬರೆದರು. "ತಂಗಿ, ಹಸಿರು ಪುಸ್ತಕದಾಗ ಕೂಲಿಯವರು ಎಷ್ಟು ಮಂದಿ ಅದಾರ?" ಎಂದರು.

"ಒಬ್ಬರೂ ಇಲ್ರಿ ಸರ್."

"ಯಾಕ?"

"ಅವರ ಫೈಲ್ ಇಲ್ಲಲ್ರಿ ನಮ್ಮ ಕಡೆ."

ಆ ಮಾತು ನನ್ನ ಬಾಯಿಂದ ಬಂದಾಗ ನನಗೇ ನಾಚಿಕೆಯಾಯಿತು. ಮೂರು ವರ್ಷ ಆ ಪುಸ್ತಕ ಬರೆದವಳು ನಾನು. ದಿನಾ ಬೆಳಿಗ್ಗೆ ಹಮಾಲಿಯ ಮನೆಯಿಂದ ಎದ್ದು ಬಂದು, ಎಲ್ಲರೂ ಉಳಿಸುತ್ತಾರೆ ಎಂದು ಟೈಪ್ ಮಾಡಿದವಳೂ ನಾನೇ. ಒಂದು ದಿನವಾದರೂ ನಮ್ಮ ಮನೆ ಇದರಲ್ಲಿ ಎಲ್ಲಿದೆ ಎಂದು ಕೇಳಿಕೊಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಹಾಗೆ. ಆದಾಯ ತೆರಿಗೆಯ ಕಾಗದ ಬರೆಯುವವರ ಕಪಾಟಿಗೆ ತೆರಿಗೆ ಕಟ್ಟುವಷ್ಟು ಗಳಿಸುವವರು ಮಾತ್ರ ಬರುತ್ತಾರೆ. ಸರ್ ಆ ಕಪಾಟನ್ನೇ ದೇಶ ಎಂದುಕೊಂಡಿದ್ದರು. ನಮ್ಮ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಅದು.

ಮರುದಿನ ಸರ್ ಆಫೀಸಿಗೆ ಬರಲಿಲ್ಲ. ಆಮೇಲೆ ತಿಳಿಯಿತು, ಮಾರುಕಟ್ಟೆಗೆ ಹೋಗಿ ಹಮಾಲಿಗಳ ಜೊತೆ ಕೂತಿದ್ದರಂತೆ. ಅಲ್ಲಿಂದ ಇರಕಲ್ಲಗಡದ ಬಸ್ಸು ಹತ್ತಿ ಹೋಗಿ ಕೂಲಿ ಮುಗಿಸಿ ಬರುವ ಹೆಣ್ಣುಮಕ್ಕಳನ್ನು ನಿಲ್ಲಿಸಿ ನಿಲ್ಲಿಸಿ ಅದೇ ಎರಡು ಪ್ರಶ್ನೆ ಕೇಳಿದರಂತೆ. "ನಿಮ್ಮ ಸಾಹೇಬ್ರಿಗೆ ಏನಾಗೈತಿ? ಊರಾಗ ಕಂಡಕಂಡವರನ್ನ ಎಷ್ಟು ಉಳಿಸಿದಿ ಅಂತ ಕೇಳಾಕತ್ತಾರ, ಮಂದಿ ನಗಾಕತ್ತೈತಿ" ಎಂದಳು ಅವ್ವ.

ಸಮಾವೇಶದ ದಿನ ಸರ್ ಹೊಸ ಅಂಗಿ ತೊಟ್ಟೇ ಬಂದರು. ನಾವು ಹೋಗುವಷ್ಟರಲ್ಲಿ ಸಂಘದವರು ಮುನ್ನೂರು ಪ್ರತಿಗಳನ್ನೂ ಹಂಚಿಬಿಟ್ಟಿದ್ದರು. ಎಲ್ಲರ ಕೈಯಲ್ಲೂ ಮನವಿ. ವೇದಿಕೆಗೆ ಕರೆದರು, ಚಪ್ಪಾಳೆ ಬಿತ್ತು. ಅವರು ಏನು ಮಾಡುತ್ತಾರೆಂದು ನನಗೂ ಹೇಳಿರಲಿಲ್ಲ. ಇಪ್ಪತ್ತು ವರ್ಷದ ಆಸೆ, ಅದನ್ನು ಈಡೇರಿಸಿಕೊಡುವವರು ಎದುರಿಗೇ ಕೂತಿದ್ದಾರೆ. ಸುಮ್ಮನೆ ಓದಿದರೆ ಸಾಕು, ಅವ್ವನ ಪ್ರಶ್ನೆ ಕಿವಿಗೆ ಬಿದ್ದದ್ದು ನಮ್ಮಿಬ್ಬರಿಗೇ. ಓದಿಬಿಡಲಿ ಎಂದು ಒಂದು ಕ್ಷಣ ನನಗೂ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಸರ್ ಪೆನ್ನಿನ ಟೊಪ್ಪಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಇದರಾಗಿನ ಲೆಕ್ಕ ತಪ್ಪಿಲ್ರಿ" ಎಂದರು. "ಎಣಿಸಿದ ಮಂದಿ ತಪ್ಪು. ನಾ ನನ್ನ ಕಪಾಟು ನೋಡಿ ದೇಶ ನೋಡೀನಿ ಅಂದ್ಕೊಂಡಿದ್ದೆ. ಕಪಾಟಿನ್ಯಾಗ ಇಲ್ಲದಾವರ ಹೆಚ್ಚು ಮಂದಿ ಅದಾರ. ನಾವು ಗಳಿಸಿದ್ದರಾಗ ಸ್ವಲ್ಪ ಉಣ್ತೀವಿ, ಅವರು ಗಳಿಸಿದ್ದೆಲ್ಲಾ ಉಣ್ತಾರ. ಬರೀ ಖರ್ಚಿಗೆ ತೆರಿಗಿ ಅಂದ್ರ ನಮ್ಮ ಹೊರಿ ಇಳಿಸಿ ಅವರ ತಲಿ ಮ್ಯಾಲೆ ಇಟ್ಟಂಗ. ಯಾರಿಗೂ ಹೊರಿ ಆಗಂಗಿಲ್ಲ ಅಂತ ನಾ ಬರದಿದ್ದೆ. ಹೊರೋರು ಅವರು."

ಸಭೆಯಲ್ಲಿ ಗುಜುಗುಜು ಶುರುವಾಯಿತು. ಗಂಗಾವತಿಯ ವ್ಯಾಪಾರಿ ಎದ್ದು ನಿಂತು, "ಬರದದ್ದು ಓದ್ರಿ ವಕೀಲ್ರ, ಭಾಷಣ ಬ್ಯಾಡ!" ಎಂದರು.

"ಮೊದಲ್ನೇದ್ದು, ನಾ ವಕೀಲ ಅಲ್ಲ" ಎಂದರು ಸರ್. ಆ ಗದ್ದಲದಲ್ಲೂ ತಿದ್ದಿದರು! ಆಮೇಲೆ ಗೋಡೆಯ ಕಡೆ ಕಣ್ಣಾಡಿಸಿದರು. ನನಗೆ ಮಾತ್ರ ಗೊತ್ತಾಯಿತು, ಫ್ಯಾನಿನ ಸ್ವಿಚ್ ಹುಡುಕುತ್ತಿದ್ದರು. "ಖರ್ಚಿನ ತೆರಿಗಿ ಬ್ಯಾಡ ಅನ್ನಂಗಿಲ್ಲ ನಾನು. ಮೊದ್ಲ ಪ್ರತಿ ಮನಿ ಉಣ್ಣೋ ಉಡೋದಕ್ಕ ಬೀಳೋ ತೆರಿಗಿ ತಿಂಗಳಾ ಅವರ ಕೈಗೆ ಹೊಳ್ಳಿ ಮುಟ್ಟೋ ದಾರಿ ಬರೀಬೇಕು. ಅದನ್ನ ಬರಿಯೋ ತನಕ ಈ ಹಾಳಿಗೆ ನನ್ನ ಸಹಿ ಇಲ್ಲ. ಕೊಡ್ರಿ ಇತ್ತ."

ವೇದಿಕೆಯಿಂದ ಇಳಿದವರೇ ಮೊದಲ ಸಾಲಿನಿಂದ ಪ್ರತಿಗಳನ್ನು ವಾಪಸು ಇಸಿದುಕೊಳ್ಳತೊಡಗಿದರು. ಪರೀಕ್ಷೆ ಮುಗಿದ ಮೇಲೆ ಮಾಸ್ತರರು ಉತ್ತರ ಪತ್ರಿಕೆ ಕೂಡಿಸುವ ಹಾಗೆ, ಒಬ್ಬೊಬ್ಬರ ಮುಂದೆ ಕೈ ಚಾಚಿ, "ಕೊಡ್ರಿ, ತಪ್ಪೈತಿ. ಕೊಡ್ರಿ, ತಪ್ಪೈತಿ" ಎನ್ನುತ್ತ ಹೊರಟರು. ಕೆಲವರು ನಕ್ಕರು. ಒಬ್ಬರು ಹಾಳೆಯನ್ನು ಮುದ್ದೆ ಮಾಡಿ ಕೈಗಿಟ್ಟರು. ಸರ್ ಅದನ್ನೂ ಬಿಡಿಸಿ, ತೊಡೆಯ ಮೇಲೆ ಸವರಿ ಸರಿಮಾಡಿ ಕಟ್ಟಿನೊಳಗಿಟ್ಟುಕೊಂಡರು. ನಾನು ಹಿಂದಿನ ಸಾಲಿನಿಂದ ಶುರು ಮಾಡಿದೆ. ನಡುವೆ ಎಲ್ಲೋ ನಾವಿಬ್ಬರೂ ಎದುರಾದೆವು. "ಎಷ್ಟಾದವು ತಂಗಿ?" ಎಂದು ಕೇಳಿದರು, ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು. ಆದರೆ ಸತ್ಯವಾಗಿ ಹೇಳುತ್ತೇನೆ, ನಾನು ಅಷ್ಟು ಎದೆಯೆತ್ತಿ ಎಂದೂ ನಡೆದಿರಲಿಲ್ಲ.

ಸಂಘದವರು ಬೇರೆ ಸಲಹೆಗಾರರನ್ನು ನೋಡಿಕೊಂಡರು. ಆ ಜುಲೈ ನಮ್ಮ ಮೆಟ್ಟಿಲು ಖಾಲಿ. ಬರುವವರು ಮಾಸ್ತರರು ಮಾತ್ರ. ಸರ್ ನನ್ನ ಪಗಾರ ಒಂದು ತಿಂಗಳೂ ತಪ್ಪಿಸಲಿಲ್ಲ. ಹೇಗೆ ಕೊಟ್ಟರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ವಾಪಸು ತಂದ ಪ್ರತಿಗಳನ್ನು ಸುಡಬೇಕೆಂದು ನಾನು ಎತ್ತಿಕೊಂಡರೆ, "ಏಯ್, ಹಿಂದ ಖಾಲಿ ಐತಿ, ಯಾಕ ಕೆಡಸ್ತಿ?" ಎಂದರು. ಅಂದಿನಿಂದ ಎರಡು ಪ್ರಶ್ನೆಯ ಉತ್ತರ ಬರೆದುಕೊಂಡದ್ದು ಅದೇ ಮನವಿಯ ಹಿಂಬದಿಯಲ್ಲಿ.

ಆ ವರ್ಷವೇ ಕಪಾಟಿನಲ್ಲಿ ಒಂದು ಹೊಸ ಫೈಲು ಬಂತು. ಮೇಲೆ ನಮ್ಮವ್ವನ ಹೆಸರು, ದುಂಡಗಿನ ಅಕ್ಷರದಲ್ಲಿ. ಅದು ಕುಷ್ಟಗಿಯ ದಾಳಿಂಬೆ ವ್ಯಾಪಾರಿಯ ಫೈಲಿಗೂ ಯಲಬುರ್ಗಾದ ಮಾಸ್ತರರ ಫೈಲಿಗೂ ನಡುವೆ ನಿಂತಿತ್ತು. "ಯವ್ವಾ, ಕಿರಾಣಿ ಅಂಗಡಿ ಚೀಟಿ ಒಗೀಬ್ಯಾಡ್ರಿ. ಒಂದು ಚೀಲದಾಗ ಹಾಕಿಡ್ರಿ. ಜುಲೈದಾಗ ತಗೊಂಡು ಬರ್ರಿ" ಎಂದು ಹೇಳಿ ಕಳಿಸಿದರು. ಅವ್ವ ಪ್ರತಿ ವರ್ಷವೂ ತಂದಳು. ಸರ್ ಒಂದೊಂದೇ ಚೀಟಿ ಬಿಡಿಸಿ ನೋಡುತ್ತಿದ್ದರು. "ಜೋಳಕ್ಕ ತೆರಿಗಿ ಇಲ್ಲ. ಉಪ್ಪಿಗೆ ಇಲ್ಲ. ಮೈಗೆ ಹಚ್ಚೋ ಸಬಕಾರಕ್ಕ ಐತಿ. ಎಣ್ಣಿಗೆ ಐತಿ. ಚಾಪುಡಿಗೆ ಐತಿ. ಮೊಬೈಲಿಗೆ ಐತಿ. ಚಪ್ಪಲಿಗೂ ಐತ್ರಿ ಯವ್ವಾ, ಹರಕೊಂಡು ಬೇಗ ಹೊಸಾದು ಕೊಳ್ಳಬ್ಯಾಡ್ರಿ." ಕೊನೆಗೆ ತಮ್ಮ ಕಾಗದದ ಮೇಲೆ, ಇಂಥವರು ಈ ವರ್ಷ ಸರ್ಕಾರಕ್ಕೆ ಅಂದಾಜು ಇಷ್ಟು ತೆರಿಗೆ ಸಲ್ಲಿಸಿದ್ದಾರೆ ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಡುತ್ತಿದ್ದರು. ಅದಕ್ಕೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲ. ಅದು ಅವರಿಗೂ ಗೊತ್ತಿತ್ತು. "ಮಾಸ್ತರಿಗೆ ಕೊಡ್ತೀನಿ, ಸಾವ್ಕಾರಗ ಕೊಡ್ತೀನಿ, ಇವರಿಗೆ ಯಾಕ ಕೊಡಬಾರ್ದು?" ಎನ್ನುತ್ತಿದ್ದರು.

ಬೆಲೆ ಇಲ್ಲ ಎಂದೆನಲ್ಲ, ತಪ್ಪು. ಒಮ್ಮೆ ಇರಕಲ್ಲಗಡದಲ್ಲಿ ಅವ್ವ ರೇಷನ್ ಅಕ್ಕಿಯ ಸರದಿಯಲ್ಲಿ ನಿಂತಿದ್ದಳಂತೆ. ಪಕ್ಕದಲ್ಲಿ ಮೋಟರ್ ಸೈಕಲ್ ನಿಲ್ಲಿಸಿಕೊಂಡಿದ್ದ ಒಬ್ಬ, "ನಾವು ತೆರಿಗಿ ಕಟ್ಟೋದು, ನೀವು ಪುಕ್ಕಟೆ ಉಣ್ಣೋದು. ಛಲೋ ಐತಿ ನಿಮ್ಮ ಬಾಳೇವು" ಎಂದನಂತೆ. ನಮ್ಮವ್ವ ಸುಮ್ಮನಿರುವ ಜೀವ. ಆದರೆ ಅವತ್ತು ರೇಷನ್ ಕಾರ್ಡಿನ ಜೊತೆ ಮಡಚಿಟ್ಟಿದ್ದ ಕಾಗದ ತೆಗೆದು ಅವನ ಮುಂದೆ ಹಿಡಿದಳಂತೆ. "ನನಗ ಓದಾಕ ಬರಂಗಿಲ್ಲ. ನೀ ಓದಪ್ಪಾ, ಜೋರಾಗಿ ಓದು." ಆತ ಓದಿದ. ಸರದಿಯವರೆಲ್ಲ ಕೇಳಿದರು. ಮುಂದಿನ ಜುಲೈಗೆ ನಮ್ಮೂರಿನಿಂದ ಇನ್ನೂ ನಾಲ್ವರು ಹೆಣ್ಣುಮಕ್ಕಳು ಚೀಟಿಯ ಚೀಲ ಹಿಡಿದು ನಮ್ಮ ಮೆಟ್ಟಿಲು ಹತ್ತಿದರು. ಸರ್ ಅವತ್ತು ಎಲ್ಲರಿಗೂ ಮಿರ್ಚಿ ತರಿಸಿದರು.

ಹೋದವರಲ್ಲಿ ಕೆಲವರು ತಿರುಗಿಯೂ ಬಂದರು. ಮೂರು ವರ್ಷದ ಮೇಲೆ ಗಂಗಾವತಿಯ ವ್ಯಾಪಾರಿ ಬಾಗಿಲಲ್ಲಿ ನಿಂತು ಕೆಮ್ಮಿದರು. "ಬ್ಯಾರೇ ಕಡೆ ಫ್ಯಾನ್ ಛಲೋ ತಿರಗ್ತೈತ್ರಿ. ಆದ್ರ ಹಿಂದಿಂದ ನೋಟಿಸ್ ಬರ್ತಾವ" ಎಂದರು. ಸರ್ ಏನೂ ಹಳೆಯದನ್ನು ಎತ್ತಲಿಲ್ಲ. "ಹೊಲ ಸಿಕ್ತೇನ್ರಿ?" ಎಂದಷ್ಟೇ ಕೇಳಿದರು.

ಮನವಿಯನ್ನು ಅವರು ಬಿಟ್ಟಿರಲಿಲ್ಲ. ಎರಡು ಹೊಸ ಪುಸ್ತಕಗಳಾದವು, ಅವುಗಳಲ್ಲಿ ಹಮಾಲಿಗಳೂ ಇದ್ದರು, ಕೂಲಿಯವರೂ ಇದ್ದರು. ಮನೆಮನೆಗೂ ತೆರಿಗೆ ಮರಳಿ ಮುಟ್ಟಿಸುವ ದಾರಿಯನ್ನು ಬರೆಯುತ್ತಿದ್ದರು, ಅಳಿಸುತ್ತಿದ್ದರು. "ದಿಲ್ಲಿಗೆ ಹೋಗದಿದ್ರ ಏನಾತು ತಂಗಿ, ಇರಕಲ್ಲಗಡಕ್ಕ ಹೋಗೈತಲ್ಲ" ಎಂದು ನಗುತ್ತಿದ್ದರು. ಅವರೇ ಒತ್ತಾಯ ಮಾಡಿ ನನ್ನಿಂದ ತೆರಿಗೆ ಕಾಗದ ಬರೆಯುವವರ ಪರೀಕ್ಷೆ ಬರೆಸಿದರು. ಬಾಗಿಲ ಫಲಕದಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನು ಅದೇ ಅಳತೆಯ ಅಕ್ಷರದಲ್ಲಿ ಬರೆಸಿದರು.

ಈ ಸಲ ಜುಲೈ ಶುರುವಾಗಿ ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಚಹಾ ಕುಡಿದು, ಎದೆ ಹಿಡಿದಂತಾಗುತ್ತದೆ ಎಂದ ಸರ್ ದವಾಖಾನೆ ಮುಟ್ಟಲಿಲ್ಲ. ಮಣ್ಣಿಗೆ ನಾಲ್ಕೂ ತಾಲ್ಲೂಕಿನವರು ಬಂದಿದ್ದರು. ಹಮಾಲಿಗಳು ಹೆಗಲು ಕೊಟ್ಟರು. ಗಂಗಾವತಿಯ ವ್ಯಾಪಾರಿಯೂ ಹೆಗಲು ಕೊಟ್ಟರು.

ಮೂರು ದಿನ ಬಿಟ್ಟು ಆಫೀಸಿನ ಬಾಗಿಲು ತೆಗೆದೆ. ಕೊನೆಯ ತಾರೀಖು ಯಾರ ಸಾವಿಗೂ ಕಾಯುವುದಿಲ್ಲ. ಅವರ ಮೇಜಿಗೆ ಕೂರಲು ಮನಸ್ಸಾಗದೆ ನಿಂತೇ ಕೆಲಸ ಮಾಡುತ್ತಿದ್ದೆ. ಇಬ್ಬರು ಮಾಸ್ತರರು ಬೆಂಚಿನ ಮೇಲೆ ಕಾಯುತ್ತಿದ್ದರು. ಆಗ ಅವ್ವ ಬಂದಳು, ಕೈಯಲ್ಲಿ ಚೀಟಿಯ ಚೀಲ. ಬಾಗಿಲಲ್ಲೇ ನಿಂತು ಖಾಲಿ ಕುರ್ಚಿ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಜುಲೈದಾಗ ಬಾ ಅಂದಿದ್ರು. ಬಂದೀನಿ" ಎಂದಳು. "ಸಾಹೇಬ್ರು ಹೋದ್ರು ಅಂದ್ರ ನನ್ನ ಫೈಲೂ ಮುಚ್ಚಿದಂಗೇನು?"

ನಾನು ಸರ್ ಮೇಜಿಗೆ ಹೋಗಿ ಕೂತೆ. ಖಾನೆಯಲ್ಲಿ ಆ ಮನವಿಯ ಪ್ರತಿಗಳು ನಾಲ್ಕೈದು ಉಳಿದಿದ್ದವು. ಮೇಲಿನದು ಮುದ್ದೆಯಾಗಿ ಸವರಿಸಿಕೊಂಡದ್ದು, ಇನ್ನೂ ಗೆರೆಗಳಿದ್ದವು. ಅದನ್ನು ತಿರುವಿ ಹಾಕಿ, ಪೆನ್ನಿನ ಟೊಪ್ಪಿಗೆ ತೆಗೆದೆ.

"ಕುಂದರ್ರಿ ಯವ್ವಾ. ಈ ವರ್ಷ ಎಷ್ಟು ಗಳಿಸಿದ್ರಿ? ಎಷ್ಟು ಖರ್ಚು ಮಾಡಿದ್ರಿ?"

ಅವ್ವ ನನ್ನ ಮುಖ ನೋಡಿದಳು. ಬೆಂಚಿನ ಮೇಲಿದ್ದ ಮಾಸ್ತರರನ್ನು ನೋಡಿದಳು. ಚೀಲವನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತಳು. ಎಂದಿನಂತೆ ತುದಿಯಲ್ಲಲ್ಲ, ಬೆನ್ನು ಆನಿಸಿ ಪೂರ್ತಿ ಕೂತಳು.

"ಬರ್ಕೊಳ್ರಿ ವಕೀಲ್ರ" ಎಂದಳು.

ಸರ್ ಇದ್ದಿದ್ದರೆ ತಿದ್ದುತ್ತಿದ್ದರು. ನಾನು ತಿದ್ದಲಿಲ್ಲ.